ಶಾಶ್ವತ ಸಂತೋಷ ಎಲ್ಲಿದೆ? ಪುತ್ತಿಗೆ ಚೌಟರ ನಾಡಿನಿಂದ ಒಂದು ಉತ್ತರ



ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಹೊಸ ಮನೆಯ ಆಶೀರ್ವಾದವಿರಲಿ, ನಾವು ಪರಸ್ಪರ ಹಾರೈಸುವುದು ಸಂತೋಷವನ್ನೇ. ಆದರೆ ಆ ಸಂತೋಷ ಎಂದರೇನು, ಅದು ಎಲ್ಲಿ ಸಿಗುತ್ತದೆ, ಸಿಕ್ಕಿದ್ದು ಏಕೆ ಉಳಿಯುವುದಿಲ್ಲ ಎಂದು ಕೇಳಿಕೊಳ್ಳುವುದು ಅಪರೂಪ. ಕ್ರೈಸ್ತ ವಿಶ್ವಾಸವು ಶಾಶ್ವತ ಸಂತೋಷವನ್ನು ಕೊಡುತ್ತದೆ ಎಂದು ಪ್ರವಚನಗಳಲ್ಲಿ ಕೇಳುತ್ತೇವೆ. ಈ ಮಾತು ನಿಜವೇ? ನಿಜವಾಗಿದ್ದರೆ ಪ್ರತಿ ಭಾನುವಾರ ಬಲಿಪೂಜೆಗೆ ಬರುವ ನಮ್ಮಲ್ಲೇ ಇಷ್ಟೊಂದು ಮಂದಿ ಬಾಡಿದ ಮುಖ ಹೊತ್ತು ಮನೆಗೆ ಮರಳುವುದೇಕೆ? ಈ ಪ್ರಶ್ನೆಯನ್ನು ಬದಿಗೆ ಸರಿಸದೆ ಸ್ವಲ್ಪ ವಿಚಾರ ಮಾಡೋಣ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಒಬ್ಬ ವಕೀಲನಂತೆ ವಿಚಾರಿಸಿದ್ದಾರೆ. ಮನುಷ್ಯನ ಸುಖ ಹಣದಲ್ಲಿದೆಯೇ, ಮಾನ ಸನ್ಮಾನದಲ್ಲಿದೆಯೇ, ಕೀರ್ತಿಯಲ್ಲಿದೆಯೇ, ಅಧಿಕಾರದಲ್ಲಿದೆಯೇ, ದೇಹಾರೋಗ್ಯದಲ್ಲಿದೆಯೇ, ಭೋಗದಲ್ಲಿದೆಯೇ ಎಂದು ಒಂದೊಂದನ್ನೇ ಕರೆದು ಸಾಕ್ಷಿ ಕೇಳುತ್ತಾರೆ. ಇವುಗಳಲ್ಲಿ ಯಾವುದನ್ನೂ ಅವರು ಕೆಟ್ಟದ್ದೆಂದು ತಳ್ಳಿಹಾಕುವುದಿಲ್ಲ. ಹಣ ಬೇಕು, ಆದರೆ ಹಣ ಬೇಕಾಗುವುದು ಬೇರೆ ಯಾವುದಕ್ಕೋ. ಸನ್ಮಾನ ಸಂತೋಷ ಕೊಡುತ್ತದೆ, ಆದರೆ ಅದು ಕೊಡುವವರ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಕೊನೆಗೆ ಅವರು ತಲುಪುವ ತೀರ್ಮಾನವಿದು: ಮನುಷ್ಯನ ಆಸೆಗೆ ಮಿತಿಯಿಲ್ಲ, ಆದ್ದರಿಂದ ಮಿತಿಯುಳ್ಳ ಯಾವ ವಸ್ತುವೂ ಅದನ್ನು ತುಂಬಲಾರದು. ತುಂಬಬಲ್ಲವನು ದೇವರೊಬ್ಬನೇ. ಶಾಲೆ ಕಾಣದ ನಮ್ಮ ಅಜ್ಜಿಯಂದಿರು ಜಪಸರ ಹಿಡಿದು ಇದನ್ನೇ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು!

ಹಾಗಾದರೆ ಯೇಸುಸ್ವಾಮಿ ಏನು ಹೇಳಿದರು? ಸಂತ ಮತ್ತಾಯರ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಬರುವ ಅಷ್ಟ ಭಾಗ್ಯಗಳನ್ನು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಬಾಯಿಪಾಠ ಮಾಡಿದ್ದರಿಂದಲೇ ಅದರಲ್ಲಿರುವ ಆಶ್ಚರ್ಯ ನಮಗೆ ಕಾಣದೆ ಹೋಗಿದೆ. ಯೇಸು ಭಾಗ್ಯವಂತರೆಂದು ಕರೆದದ್ದು ಬಡವರನ್ನು, ಅಳುವವರನ್ನು, ಹಸಿದವರನ್ನು, ಹಿಂಸೆಗೆ ಒಳಗಾದವರನ್ನು. ಕಣ್ಣೀರು ಒಳ್ಳೆಯದೆಂದು ಅವರು ಹೇಳಲಿಲ್ಲ. ಅಳುವವರ ಪಕ್ಕದಲ್ಲಿ ದೇವರಿದ್ದಾರೆ, ಆ ಕಣ್ಣೀರಿಗೆ ಕೊನೆಯಿದೆ ಎಂದರು. ತಮ್ಮ ಸಂತೋಷವು ಶಿಷ್ಯರಲ್ಲಿಯೂ ಇರಬೇಕು, ಆ ಸಂತೋಷವನ್ನು ಯಾರೂ ಅವರಿಂದ ಕಿತ್ತುಕೊಳ್ಳಲಾರರು ಎಂದು ಯೇಸು ಮಾತನಾಡಿದ್ದು ಯಾವಾಗ ಎಂಬುದನ್ನೂ ಗಮನಿಸಬೇಕು. ಅದು ಕಾನಾ ಊರಿನ ಮದುವೆಯಲ್ಲಿ ಅಲ್ಲ, ಶಿಲುಬೆಯ ಹಿಂದಿನ ರಾತ್ರಿ, ಕೊನೆಯ ಭೋಜನದಲ್ಲಿ. ಸಂತ ಪೌಲರೂ ಅಷ್ಟೆ. ಅವರ ಪತ್ರಗಳಲ್ಲಿ ಅತ್ಯಂತ ಹರ್ಷದಿಂದ ತುಂಬಿರುವ ಫಿಲಿಪ್ಪಿಯರ ಪತ್ರ ಬರೆಯಲ್ಪಟ್ಟದ್ದು ಸೆರೆಮನೆಯಿಂದ.

ಇಲ್ಲಿಯೇ ಕ್ರೈಸ್ತ ಸಂತೋಷದ ಗುಟ್ಟಿದೆ. ಖುಷಿ ಪರಿಸ್ಥಿತಿಯಿಂದ ಬರುತ್ತದೆ, ಪರಿಸ್ಥಿತಿ ಬದಲಾದರೆ ಹೋಗುತ್ತದೆ. ವಿಶ್ವಾಸದ ಸಂತೋಷ ಬರುವುದು ಒಂದು ಸಂಬಂಧದಿಂದ. ನಾನು ಪ್ರೀತಿಸಲ್ಪಟ್ಟವನು, ಕೈಬಿಡಲ್ಪಟ್ಟವನಲ್ಲ ಎಂಬ ಭರವಸೆಯೇ ಅದರ ಬೇರು. ಬೇರಿದ್ದರೆ ಬೇಸಗೆಯಲ್ಲಿ ಎಲೆ ಉದುರಿದರೂ ಮರ ಸಾಯುವುದಿಲ್ಲ.

ಇದು ಪುಸ್ತಕದ ಮಾತೆಂದು ಯಾರಿಗಾದರೂ ಅನಿಸಿದರೆ ನಮ್ಮ ಜಿಲ್ಲೆಯ ಚರಿತ್ರೆಯನ್ನೇ ನೋಡೋಣ. ಮೂಡುಬಿದಿರೆಗೆ ತಾಗಿಕೊಂಡಿರುವ ಪುತ್ತಿಗೆ ಒಂದು ಕಾಲದಲ್ಲಿ ಚೌಟ ಅರಸರ ರಾಜಧಾನಿ. ಉಳ್ಳಾಲದಿಂದ ಬಂದ ಈ ಜೈನ ಅರಸು ಮನೆತನ ಪುತ್ತಿಗೆಯಲ್ಲಿ ನೆಲೆನಿಂತು, ನಂತರ ಮೂಡುಬಿದಿರೆಗೆ ಬಂತು. ಸಾವಿರ ಕಂಬದ ಬಸದಿಯ ಈ ನಾಡಿನಲ್ಲಿ ಕ್ರೈಸ್ತ ಒಕ್ಕಲುಗಳೂ ಬೇಸಾಯ ಮಾಡಿಕೊಂಡಿದ್ದವು.

1784ರ ವಿಭೂತಿ ಬುಧವಾರ. ತಪಸ್ಸಿನ ಕಾಲದ ಆರಂಭದ ಆ ದಿನ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸುವ ಕಾರ್ಯ ಆರಂಭವಾಯಿತು. ಎರಡನೇ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬುದು ಆರೋಪ. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಲೆಕ್ಕಗಳಿವೆ. ಗುರುಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು, ಆಸ್ತಿ ಮುಟ್ಟುಗೋಲಾಯಿತು, ಚರ್ಚ್‌ಗಳು ನೆಲಸಮವಾದವು. ಹೆಂಗಸರು, ಮಕ್ಕಳು, ಮುದುಕರು ಘಟ್ಟ ಹತ್ತಿ ನಡೆದರು. ದಾರಿಯಲ್ಲಿಯೇ ಸತ್ತವರೆಷ್ಟೋ. ಸೆರೆ ಮುಗಿದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ. ಹೋದವರಲ್ಲಿ ಊರಿಗೆ ಮರಳಿದವರು ಒಂದು ಪಾಲು ಮಾತ್ರ.

ಆ ಬಿರುಗಾಳಿಯಲ್ಲಿ ಉಳಿದುಕೊಂಡದ್ದು ಹೊಸ್ಪೆಟ್ಟಿನ ಪವಿತ್ರ ಶಿಲುಬೆಯ ಚರ್ಚ್. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಎಂದು ನಮ್ಮ ಸಮುದಾಯದ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಕ್ರೈಸ್ತರ ದೇವಾಲಯವನ್ನು ಒಬ್ಬ ಜೈನ ಅರಸ ಕಾಪಾಡಿದ. ಈ ವಿಷಯವನ್ನು ನಾವು ನಮ್ಮ ಮಕ್ಕಳಿಗೆ ಸೆರೆವಾಸದ ಕಥೆಯಷ್ಟೇ ಒತ್ತುಕೊಟ್ಟು ಹೇಳಬೇಕಾಗಿದೆ. ಸೆರೆವಾಸದ ನೆನಪನ್ನು ಇಂದು ಯಾರ ಮೇಲೋ ಸಿಟ್ಟು ಬೆಳೆಸಲು ಬಳಸುವವರಿದ್ದಾರೆ. ಮರಳಿ ಬಂದ ಹಿರಿಯರು ಮಾಡಿದ್ದು ಬೇರೆಯೇ ಕೆಲಸ. ಅವರು ಪಾಳುಬಿದ್ದ ಗದ್ದೆಗಳನ್ನು ಹೂಡಿದರು, ಚರ್ಚ್‌ಗಳನ್ನು ಮತ್ತೆ ಕಟ್ಟಿದರು. ಮಂಗಳೂರಿನ ಮಿಲಾಗ್ರಿಸ್ 1811ರಲ್ಲಿ, ರೊಸಾರಿಯೊ 1813ರಲ್ಲಿ ಮತ್ತೆ ಎದ್ದವು.

ಮೊಂತಿ ಫೆಸ್ತ್ ಕೂಡ ಮರಳಿ ಬಂತು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವೆಯ ಗುರು ಫಾದರ್ ಜೋಕಿಂ ಮಿರಾಂದರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಹೇಳಲಾಗುತ್ತದೆ. ಒಂಬತ್ತು ದಿನ ಮಕ್ಕಳು ಕನ್ಯಾ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಯ ಆಶೀರ್ವಾದ. ಮನೆಯಲ್ಲಿ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರ ಪ್ರಾರ್ಥನೆಯ ನಂತರ ಎಲ್ಲರೂ ಹಂಚಿಕೊಂಡು, ಸಸ್ಯಾಹಾರದ ಊಟ. ಎಲ್ಲವನ್ನೂ ಕಳೆದುಕೊಂಡು ಬಂದ ಜನರಿಗೆ ಮೊದಲ ತೆನೆ ಕೈಗೆ ಬಂದಾಗ ಆದ ಸಂತೋಷ ಎಂಥದ್ದಿರಬೇಕು! ಅದು ದುಃಖವನ್ನು ಮರೆತ ಸಂತೋಷವಲ್ಲ. ಪ್ರತಿಯೊಂದು ಮನೆಯ ಊಟದಲ್ಲಿಯೂ ಮರಳಿ ಬಾರದವರ ಜಾಗ ಖಾಲಿ ಇದ್ದೇ ಇತ್ತು.

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಸೆರೆವಾಸಕ್ಕೆ ನೂರು ವರ್ಷ ಮೊದಲು, 1681ರಿಂದ 1684ರವರೆಗೆ, ಕೆನರಾದಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ನಾವೆಲ್ಲ ಹೋಗುತ್ತೇವೆ. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾ ಸೇರಿದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಅಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ, ಅಲ್ಲಿನ ಭಾಷೆ ಕಲಿತರು. ನಂತರ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿಹೋದಾಗ ಅವರ ಆರೈಕೆಗೆ ನಿಂತರು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಜೀವನದಲ್ಲಿ ಸುಖವೆಂದು ಹೇಳಬಹುದಾದದ್ದು ಬಹಳ ಕಡಿಮೆ. ಆದರೆ ಅವರನ್ನು ದುಃಖಿತರೆಂದು ಕರೆಯಲು ಯಾರಿಗೂ ನಾಲಗೆ ಬಾರದು.

ಧರ್ಮಸಭೆಯೂ ಈ ವಿಷಯವನ್ನು ಮರೆತಿಲ್ಲ. 1975ರ ಪವಿತ್ರ ವರ್ಷದಲ್ಲಿ ಪೋಪ್ ಆರನೇ ಪೌಲರು ಕ್ರೈಸ್ತ ಸಂತೋಷದ ಬಗ್ಗೆಯೇ ಒಂದು ಪ್ರೇರಿತ ಪತ್ರ ಬರೆದರು. ತಂತ್ರಜ್ಞಾನ ಭೋಗದ ಅವಕಾಶಗಳನ್ನು ಹೆಚ್ಚಿಸಿದೆ, ಸಂತೋಷವನ್ನು ಹುಟ್ಟಿಸಲು ಮಾತ್ರ ಅದಕ್ಕೆ ಕಷ್ಟವಾಗುತ್ತಿದೆ ಎಂಬುದು ಅವರ ವಿಚಾರ. ಅಂದು ಮೊಬೈಲ್ ಇರಲಿಲ್ಲ ಎಂಬುದನ್ನು ಗಮನಿಸಿರಿ. ಪೋಪ್ ಫ್ರಾನ್ಸಿಸ್‌ರವರು 2013ರಲ್ಲಿ ಶುಭಸಂದೇಶದ ಸಂತೋಷದ ಬಗ್ಗೆ ಬರೆದರು; 2018ರಲ್ಲಿ ಪವಿತ್ರತೆಯ ಬಗ್ಗೆ ಬರೆದಾಗ ಅಷ್ಟ ಭಾಗ್ಯಗಳನ್ನು ಒಂದೊಂದಾಗಿ ವಿವರಿಸಿ, ಸಂತರಿಗೆ ಹಾಸ್ಯಪ್ರಜ್ಞೆಯೂ ಬೇಕೆಂದರು. ಆಗಮನ ಕಾಲದ ಮೂರನೇ ಭಾನುವಾರ ಮತ್ತು ತಪಸ್ಸು ಕಾಲದ ನಾಲ್ಕನೇ ಭಾನುವಾರ ಗುರುಗಳು ಗುಲಾಬಿ ಬಣ್ಣದ ಉಡುಪು ಧರಿಸುವುದೂ ಇದಕ್ಕೇ: ಕಾಯುವ ಕಾಲದ ನಡುವೆಯೂ ಹರ್ಷಪಡಿರಿ ಎಂದು.

ಈಗ ನಮ್ಮ ಮನೆಗಳಿಗೆ ಬರೋಣ. ಪುತ್ತಿಗೆ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಕಡೆಯ ಯಾವ ವಾಳೆಗೆ ಹೋದರೂ ಗಲ್ಫ್ ಹಣದಿಂದ ಕಟ್ಟಿದ ದೊಡ್ಡ ಮನೆಗಳಿವೆ. ಹಲವು ಮನೆಗಳಲ್ಲಿರುವುದು ಇಬ್ಬರು ವೃದ್ಧರು, ಒಂದು ನಾಯಿ. ದುಡಿಯಲು ಹೋದ ಮಕ್ಕಳನ್ನು ದೂರುವುದು ನಮ್ಮ ಉದ್ದೇಶವಲ್ಲ, ಅವರ ಬೆವರಿನಿಂದಲೇ ಊರಿನ ಎಷ್ಟೋ ಮನೆಗಳ ಸಾಲ ತೀರಿದೆ, ತಂಗಿಯರ ಮದುವೆಯಾಗಿದೆ. ಆದರೆ ಮನೆ ದೊಡ್ಡದಾದಷ್ಟಕ್ಕೆ ಸಂತೋಷ ದೊಡ್ಡದಾಗಲಿಲ್ಲ ಎಂಬುದನ್ನು ಆ ಮಕ್ಕಳೇ ಒಪ್ಪುತ್ತಾರೆ. ರೋಸ್ ಹಾಗೂ ಮದುವೆಗೆ ಸಾಲ ಮಾಡಿ ಖರ್ಚು ಮಾಡುವುದು, ಹಬ್ಬದ ಹೆಸರಿನಲ್ಲಿ ಮದ್ಯ ಹರಿಯುವುದು, ಜಾಗದ ಪಾಲಿನ ವಿಚಾರದಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟು ಒಂದೇ ಚರ್ಚಿನಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುವುದು, ಇವೆಲ್ಲ ನಮ್ಮಲ್ಲಿವೆ. ಪರಮಪ್ರಸಾದ ಸ್ವೀಕರಿಸಿ ಹೊರಬಂದು ಒಡಹುಟ್ಟಿದವನ ಮುಖ ನೋಡದೆ ಹೋಗುವವನಿಗೆ ಸಂತೋಷ ಎಲ್ಲಿಂದ ಬರಬೇಕು? ಕಾಣಿಕೆ ಅರ್ಪಿಸುವ ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗಬೇಕೆಂದು ಯೇಸು ಕಲಿಸಿದ್ದು ಇದಕ್ಕಾಗಿಯೇ. ನಮ್ಮ ಅಭಿಪ್ರಾಯದಲ್ಲಿ ಸಂತೋಷಕ್ಕೆ ಹತ್ತು ಧ್ಯಾನಕೂಟಗಳಿಗಿಂತ ಒಂದು ಪ್ರಾಮಾಣಿಕ ಪಾಪನಿವೇದನೆ ಮತ್ತು ಒಂದು ರಾಜಿ ಹತ್ತಿರದ ದಾರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನಸ್ಸು ಕುಗ್ಗಿ ಕೂತವರಿಗೆ, ನಿದ್ದೆ ಬಾರದವರಿಗೆ, ಬದುಕು ಬೇಡವೆನಿಸಿದವರಿಗೆ ನಿನಗೆ ವಿಶ್ವಾಸ ಸಾಲದು ಎಂದು ಹೇಳುವವರನ್ನು ಕಂಡಿದ್ದೇವೆ. ಇದು ತಪ್ಪು, ಕ್ರೂರವೂ ಹೌದು. ಖಿನ್ನತೆ ಒಂದು ಕಾಯಿಲೆ, ಸಕ್ಕರೆ ಕಾಯಿಲೆಯಂತೆಯೇ ಅದಕ್ಕೂ ವೈದ್ಯರಿದ್ದಾರೆ, ಔಷಧಿ ಇದೆ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್‌ರವರು ಬಡರೋಗಿಗಳಿಗೆ ಪ್ರಾರ್ಥನೆಯ ಜತೆಗೆ ಔಷಧಿಯನ್ನೂ ಕೊಟ್ಟರು. ಹಾಗೆ ಕುಗ್ಗಿದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು, ಹೊರಗೆ ಬೆಂಚಿನಲ್ಲಿ ಅವರ ಜತೆ ಕಾಯುವುದು ಕ್ರೈಸ್ತ ಸೇವೆಯೇ. ಅಳುವವರೊಂದಿಗೆ ಅಳಬೇಕೆಂದು ಹೇಳಿದ್ದೂ ಹರ್ಷಿಸಲು ಹೇಳಿದ ಅದೇ ಪೌಲರು.

ಸಂತೋಷವನ್ನು ನೇರವಾಗಿ ಬೆನ್ನಟ್ಟಿ ಹಿಡಿದವರು ಕಡಿಮೆ. ಇನ್ನೊಬ್ಬರ ಕೆಲಸಕ್ಕೆ ಹೊರಟವರಿಗೆ ಅದು ದಾರಿಯಲ್ಲಿ ಸಿಕ್ಕಿದೆ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರನ್ನು ಕೇಳಿ ನೋಡಿರಿ. ಮಳೆಗಾಲದಲ್ಲಿ ಕೊಡೆ ಹಿಡಿದು ಒಂದು ಬಡಮನೆಗೆ ಅಕ್ಕಿ ತಲುಪಿಸಿ ಬಂದ ದಿನ ರಾತ್ರಿ ಊಟ ರುಚಿಯಾಗುತ್ತದೆ ಎನ್ನುತ್ತಾರೆ.

ಚರ್ಚ್ ಪಾಲನಾ ಮಂಡಳಿಯವರಿಗೂ ಗುರಿಕಾರರಿಗೂ ನಮ್ಮದೊಂದು ವಿನಂತಿ. ಮೊಂತಿ ಫೆಸ್ತ್‌ನಲ್ಲಿ ಆಶೀರ್ವಾದಗೊಂಡ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ದುಬಾಯಿಗೂ ಕುವೈಟಿಗೂ ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಅಲ್ಲಿಯ ಮಕ್ಕಳು ಅದನ್ನು ಹಾಲಿನಲ್ಲಿ ಹಾಕಿ ಕುಡಿಯುತ್ತಾರೆ. ಅದೇ ದಿನ ಊರಿನಲ್ಲಿ ಒಂಟಿಯಾಗಿ ಉಣ್ಣುವ ತಂದೆತಾಯಂದಿರ ಮನೆಗೆ ವಾಳೆಯ ಒಂದು ಕುಟುಂಬ ಹೋಗಿ, ಅವರೊಂದಿಗೆ ಕೂತು ಹೊಸ ಅಕ್ಕಿ ಊಟ ಮಾಡಲಿ. ಯಾವ ಮನೆಗೆ ಹೋಗಬೇಕೆಂದು ಸಭೆ ಕರೆದು ಚರ್ಚಿಸುವ ಅಗತ್ಯವಿಲ್ಲ. ಆ ಮನೆಗಳು ಯಾವುವೆಂದು ಗುರಿಕಾರರಿಗೆ ಗೊತ್ತೇ ಇದೆ.