ಶತ್ರುವಿನ ಅಂದಾಜು ಹವಾಲ್ದಾರನಿಗೂ ಬೇಕು

ಸೇನಾ ಗುಪ್ತಚರದ ಬಗ್ಗೆ ನಮಗಿರುವ ತಿಳಿವಳಿಕೆ ಬಹುಪಾಲು ಸಿನಿಮಾದಿಂದ ಬಂದದ್ದು. ಅಲ್ಲಿ ಒಬ್ಬ ಗೂಢಚಾರ ಇರುತ್ತಾನೆ, ಒಬ್ಬ ಜನರಲ್ ಇರುತ್ತಾರೆ. ಹತ್ತು ಜನ ಜವಾನರನ್ನು ಕತ್ತಲಲ್ಲಿ ಬೆಟ್ಟ ಹತ್ತಿಸುವ ಹವಾಲ್ದಾರ ಮಾತ್ರ ಎಲ್ಲೂ ಕಾಣುವುದಿಲ್ಲ. ಶತ್ರುವಿನ ಅಂದಾಜು ತಪ್ಪಿದರೆ ಮೊದಲು ಬೆಲೆ ತೆರುವವನು ಅವನೇ. 1999ರ ಕಾರ್ಗಿಲ್ ಯುದ್ಧದ ಬೆಳಕಿನಲ್ಲಿ ಇಂಥ ಕೆಲವು ತಪ್ಪು ಕಲ್ಪನೆಗಳನ್ನು ಪರಿಶೀಲಿಸೋಣ.

ತಪ್ಪು ಕಲ್ಪನೆ: ಶತ್ರುವಿನ ವಿಶ್ಲೇಷಣೆ ಮೇಲಧಿಕಾರಿಗಳ ಕೆಲಸ, ಕೆಳಗಿನವರಿಗೆ ಆದೇಶ ಸಿಕ್ಕರೆ ಸಾಕು.

ಸತ್ಯ: ನಮ್ಮ ಪದಾತಿ ದಳದಲ್ಲಿ ಸುಮಾರು ಹತ್ತು ಜನರ ಸೆಕ್ಷನ್ನನ್ನು ಹವಾಲ್ದಾರ ಮುನ್ನಡೆಸುತ್ತಾನೆ. ಮೂರು ಸೆಕ್ಷನ್‌ಗಳ ಪ್ಲಟೂನ್ ಹೆಚ್ಚಾಗಿ ನಾಯಬ್ ಸುಬೇದಾರ್ ಅಥವಾ ಸುಬೇದಾರರ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್ (ಜೆಸಿಒ) ದರ್ಜೆಯವರ, ಕೈಯಲ್ಲಿರುತ್ತದೆ. ಜವಾನರ ವಿಷಯದಲ್ಲಿ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್‌ಗೆ ಸಲಹೆ ಕೊಡುವವರು ಸುಬೇದಾರ್ ಮೇಜರ್. ಜವಾನರಾಗಿ ಸೇರಿ ಮೇಲೆ ಬಂದವರು ಇವರೆಲ್ಲ. ಸೆಕ್ಷನ್, ಪ್ಲಟೂನ್ ಮುನ್ನಡೆಸುವವರು ದಾಳಿಯ ಹೊತ್ತಿನಲ್ಲಿ ನೂರು ಸಣ್ಣ ತೀರ್ಮಾನ ಮಾಡಬೇಕು: ಯಾವ ಬಂಡೆಯ ಮರೆ ಹಿಡಿಯಬೇಕು, ನೀರು ಕಡಿಮೆ ಮಾಡಿ ಗ್ರೆನೇಡ್ ಹೆಚ್ಚು ಹೊರಬೇಕೆ, ಯಾರು ಮುಂದೆ ಹೋಗಬೇಕು. ಎದುರಿನ ಮೆಷಿನ್‌ಗನ್ ಯಾವ ಇಳಿಜಾರನ್ನು ಕಾಯುತ್ತಿದೆ ಎಂದು ತಿಳಿಯದೆ ಇವುಗಳಲ್ಲಿ ಒಂದೂ ಸರಿಯಾಗುವುದಿಲ್ಲ.

ತಪ್ಪು ಕಲ್ಪನೆ: ಎದುರಿಗಿರುವವನು ಯಾರಾದರೇನು, ಶತ್ರು ಶತ್ರುವೇ.

ಸತ್ಯ: ಕಾರ್ಗಿಲ್‌ನಲ್ಲಿ ನುಸುಳಿ ಕೂತವರು ಉಗ್ರರು ಎಂಬ ಅಂದಾಜು ಮೊದಮೊದಲು ಬಲವಾಗಿತ್ತು. ಉಗ್ರರ ಗುಂಪು ಹೊಡೆದು ಓಡುತ್ತದೆ. ತರಬೇತಾದ ಸೇನೆ ಹಾಗಲ್ಲ. ಕಲ್ಲಿನ ಬಂಕರ್ ಕಟ್ಟಿ, ಒಂದು ಬಂಕರಿನ ಗುಂಡು ಇನ್ನೊಂದನ್ನು ಕಾಯುವಂತೆ ಮೆಷಿನ್‌ಗನ್ ಇಟ್ಟು, ಬೆನ್ನಿಗೆ ಫಿರಂಗಿಯ ಬೆಂಬಲ ಹೊಂದಿರುತ್ತದೆ. ಅಲ್ಲಿದ್ದದ್ದು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿ. ಶ್ರೀನಗರ–ಲೇಹ್ ಹೆದ್ದಾರಿಯ ನೆತ್ತಿಯ ಮೇಲಿರುವ ತೊಲೊಲಿಂಗ್ ಶಿಖರ ಏರಲು ಮೇ ತಿಂಗಳಲ್ಲಿ ಹೊರಟ ತುಕಡಿಗಳು ಭಾರಿ ಸಾವುನೋವು ಉಂಡವು. ಜೂನ್ 13ರಂದು 2 ರಜಪೂತಾನಾ ರೈಫಲ್ಸ್ ಅದನ್ನು ಗೆದ್ದದ್ದು ಫಿರಂಗಿಗಳ ಭಾರಿ ದಾಳಿಯ ನಂತರ. ಎದುರಾಳಿ ಯಾರೆಂದು ಖಚಿತವಾದ ಮೇಲೆ ತಯಾರಿಯ ಪ್ರಮಾಣವೇ ಬದಲಾಗಿತ್ತು.

ತಪ್ಪು ಕಲ್ಪನೆ: ಗುಪ್ತ ಮಾಹಿತಿ ಮೇಲಿನಿಂದ ಕೆಳಕ್ಕೆ ಮಾತ್ರ ಬರುತ್ತದೆ.

ಸತ್ಯ: ಕಾರ್ಗಿಲ್‌ನ ಮೊದಲ ಸುಳಿವುಗಳಲ್ಲೊಂದು ಬಂದದ್ದು ಕಳೆದುಹೋದ ಯಾಕ್ ಹುಡುಕುತ್ತಾ ಹೋದ ತಾಶಿ ನಮ್‌ಗ್ಯಾಲ್ ಎಂಬ ಕುರಿಗಾಹಿಯಿಂದ. ವಶವಾದ ಬಂಕರುಗಳಲ್ಲಿ ಸಿಕ್ಕ ಪೇಬುಕ್ (ಸೈನಿಕನ ಸಂಬಳದ ಪುಸ್ತಕ), ಗುರುತಿನ ಚೀಟಿ, ಪತ್ರಗಳು ನುಸುಳುಕೋರರ ಗುರುತನ್ನು ಬಯಲು ಮಾಡಿದವು. ಸತ್ತ ಶತ್ರುವಿನ ಜೇಬಿನಲ್ಲಿರುವ ಪೇಬುಕ್ ನೋಡಲು ಕ್ಷುಲ್ಲಕ. ಅದರಲ್ಲಿರುವ ಘಟಕದ ಹೆಸರು ವಿಶ್ಲೇಷಕರ ಕೈ ಸೇರಿದರೆ ಆ ಘಟಕದ ಬಲ, ಆಯುಧ, ಬೆಟ್ಟದ ಯುದ್ಧದ ಅನುಭವ ಎಲ್ಲದರ ಅಂದಾಜು ಸಿಗುತ್ತದೆ. ಅದನ್ನು ಎಸೆಯದೆ ಎತ್ತಿಕೊಂಡು ತರಲು ಜವಾನನಿಗೆ ಕಲಿಸುವವನು ಹವಾಲ್ದಾರ. ಅಮೆರಿಕದ ಸೇನೆಯೂ ತನ್ನ ಸೈನಿಕರಿಗೆ ಆರು ಅಂಶಗಳನ್ನು ವರದಿ ಮಾಡಲು ಕಲಿಸುತ್ತದೆ: ಎಷ್ಟು ಜನ, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ಘಟಕ, ಯಾವ ಹೊತ್ತು, ಯಾವ ಸಲಕರಣೆ.

ತಪ್ಪು ಕಲ್ಪನೆ: ವಿಶ್ಲೇಷಣೆ ಎಂದರೆ ಶತ್ರುವಿನ ಮುಂದಿನ ಹೆಜ್ಜೆಯನ್ನು ಕರಾರುವಾಕ್ಕಾಗಿ ಹೇಳುವುದು.

ಸತ್ಯ: ಅದು ಭವಿಷ್ಯವಾಣಿಯಲ್ಲ. ಶತ್ರು ಮಾಡಬಹುದಾದವುಗಳಲ್ಲಿ ಹೆಚ್ಚು ಸಂಭವನೀಯವಾದದ್ದು ಯಾವುದು, ಹೆಚ್ಚು ಅಪಾಯಕಾರಿ ಯಾವುದು ಎಂದು ಬೇರ್ಪಡಿಸಿ ಎರಡಕ್ಕೂ ತಯಾರಾಗುವುದು. ಕಾರ್ಗಿಲ್‌ನ ಟೈಗರ್ ಹಿಲ್ ಶಿಖರದಲ್ಲಿ 18 ಗ್ರೆನೇಡಿಯರ್ಸ್‌ನ ವಿಶೇಷ ದಾಳಿ ಪಡೆಯಾದ ಘಾತಕ್ ಪ್ಲಟೂನ್ ಶತ್ರು ನಿರೀಕ್ಷಿಸದ ಕಡಿದಾದ ಬಂಡೆ ಏರಿ ಜುಲೈ 4ರಂದು ತುದಿ ಮುಟ್ಟಿತು. ಶತ್ರುವಿಗೆ ಆಹಾರ, ಮದ್ದುಗುಂಡು ಬರುತ್ತಿದ್ದ ಪಶ್ಚಿಮದ ಏಣನ್ನು 8 ಸಿಖ್ ಬೆಟಾಲಿಯನ್ ಹಿಡಿಯಿತು. ಅಪಾಯಕಾರಿ ಸಾಧ್ಯತೆಯೂ ನಿಜವಾಯಿತು: ಅಲ್ಲಿ ಪ್ರತಿದಾಳಿ ಬಂದೇ ಬಂತು. ಅದನ್ನು ಎದುರಿಸಿ ಮಡಿದವರಲ್ಲಿ ಜೆಸಿಒ ನಿರ್ಮಲ್ ಸಿಂಗ್ ಒಬ್ಬರು; ಅವರಿಗೆ ಮರಣೋತ್ತರ ವೀರ ಚಕ್ರ ಸಂದಿತು.

ತಪ್ಪು ಕಲ್ಪನೆ: ಶತ್ರುವಿನ ಬಲ ಹೇಳಿದರೆ ಜವಾನರ ಧೈರ್ಯ ಕುಗ್ಗುತ್ತದೆ.

ಸತ್ಯ: ಧೈರ್ಯ ಕುಗ್ಗಿಸುವುದು ಗಾಳಿಸುದ್ದಿ. ಎದುರಾಳಿಯನ್ನು ಹೀಗಳೆದು ಕಳಿಸಿದ ತುಕಡಿ ಮೊದಲ ಗುಂಡಿನ ಮಳೆಗೇ ದಿಕ್ಕೆಡುತ್ತದೆ. ಇದ್ದದ್ದನ್ನು ಇದ್ದಂತೆ ತಿಳಿದ ತುಕಡಿ ಅದಕ್ಕೆ ಸಿದ್ಧವಾಗಿರುತ್ತದೆ. ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್, ಕರ್ನಲ್ ಶೇರ್ ಖಾನ್ ಎಂಬ ಹೆಸರಿನವರ ಶೌರ್ಯವನ್ನು ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಬರಹದಲ್ಲೇ ದಾಖಲಿಸಿ ದೇಹವನ್ನು ಹಿಂದಿರುಗಿಸಿದರು. ಶತ್ರುವನ್ನು ಸರಿಯಾಗಿ ಅಳೆಯುವುದೆಂದರೆ ಅವನ ಶೌರ್ಯವನ್ನೂ ಲೆಕ್ಕಕ್ಕೆ ಹಿಡಿಯುವುದು.

ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಗುಪ್ತಚರ ವ್ಯವಸ್ಥೆಯ ಲೋಪಗಳನ್ನು ಎತ್ತಿ ತೋರಿಸಿತು. 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಹುಟ್ಟಿತು. ಅದು ಆಗಬೇಕಾದ ಕೆಲಸವೇ. ಆದರೆ ದೆಹಲಿಯಲ್ಲಿ ಸಿದ್ಧವಾದ ಎಷ್ಟೇ ಒಳ್ಳೆಯ ವರದಿಯೂ ಬೆಟ್ಟದ ಬುಡದಲ್ಲಿ ನಿಂತ ಹವಾಲ್ದಾರನಿಗೆ ಅರ್ಥವಾಗುವ ಮಾತಿನಲ್ಲಿ, ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಅದರ ಕೆಲಸ ಅರ್ಧಕ್ಕೇ ನಿಂತಂತೆ. ಗುಪ್ತಚರ ವೈಫಲ್ಯದ ಚರ್ಚೆ ಮತ್ತೆ ಎದ್ದಾಗ, ‘ಮೇಲಿನವರಿಗೆ ಗೊತ್ತಿತ್ತೇ?’ ಎಂಬಲ್ಲಿಗೇ ನಿಲ್ಲಬೇಡಿ. ‘ಹತ್ತು ಜನರನ್ನು ಕರೆದುಕೊಂಡು ಹೋದವನಿಗೆ ತಿಳಿಸಿದ್ದರೇ?’ ಎಂದೂ ಕೇಳಿ.