ಮರಕ್ಕೂ ಬೇಕು ಒಂದು ವರ್ಷ ಬಿಡುವು

ಕಳೆದ ವರ್ಷ ಹಿತ್ತಿಲ ಮಾವಿನ ಮರ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತ್ತು. ಜಾಡಿ ತುಂಬ ಉಪ್ಪಿನಕಾಯಿ ಹಾಕಿ, ಉಳಿದದ್ದನ್ನು ನೆರೆಮನೆಗೂ ತವರಿಗೂ ಕಳಿಸಿದ್ದಾಯಿತು. ಈ ವರ್ಷ ಅದೇ ಮರದಲ್ಲಿ ಹುಡುಕಿದರೂ ನಾಲ್ಕು ಕಾಯಿಯಿಲ್ಲ. "ಯಾರ ಕಣ್ಣು ಬಿತ್ತೋ" ಎಂದು ಗೊಣಗುವವರಿದ್ದಾರೆ. ನಂಜನಗೂಡು ಬಳಿಯ ತಾಂಡವಪುರವಿರಲಿ, ತಿ. ನರಸೀಪುರವಿರಲಿ, ಮಾವಿನ ಮರವಿರುವ ಮನೆಗಳಿಗೆ ಈ ಮಾತು ಹೊಸದಲ್ಲ.

ಇದಕ್ಕೆ ಕಾರಣ ಕಣ್ಣೂ ಅಲ್ಲ, ರೋಗವೂ ಅಲ್ಲ. ಹೆಚ್ಚು ಫಸಲು ಕೊಟ್ಟ ಮರ ತಾನು ಕೂಡಿಟ್ಟ ಆಹಾರವನ್ನೆಲ್ಲ ಕಾಯಿಗಳಿಗೆ ಸುರಿದಿರುತ್ತದೆ. ಮರುವರ್ಷ ಹೂ ಬಿಡಬೇಕಾದ ಹೊಸ ಚಿಗುರುಗಳಿಗೆ ಶಕ್ತಿ ಸಾಲುವುದಿಲ್ಲ. ಹೆತ್ತ ತಾಯಿಗೆ ಬಾಣಂತನ ಬೇಕಾದಂತೆ ಮರಕ್ಕೂ ಬಿಡುವು ಬೇಕು. ಹೂ ಬಿಡುವ ಕಾಲದ ಮಳೆ, ಮೋಡಗಳೂ ಫಸಲನ್ನು ಏರುಪೇರು ಮಾಡುತ್ತವೆ.

ನಮ್ಮ ಮರ ಕಾಯಿ ಬಿಡದಿದ್ದರೆ ನಾವು ಸಂತೆಯಿಂದ ತರುತ್ತೇವೆ. ಆದರೆ ಕಾಡಿನ ಪ್ರಾಣಿಗಳಿಗೆ ಸಂತೆಯಿಲ್ಲ.

ಓಕ್ ಮರದ ಲೆಕ್ಕಾಚಾರ

ಅಮೆರಿಕ, ಯೂರೋಪ್‌ಗಳಲ್ಲಿ ಓಕ್ ಮರಗಳದ್ದೂ ಇದೇ ಕಥೆ. ಕೆಲವು ವರ್ಷ ಇಡೀ ಕಾಡಿನ ಮರಗಳು ಒಟ್ಟಿಗೇ ರಾಶಿ ರಾಶಿ ಕಾಯಿ ಉದುರಿಸುತ್ತವೆ. ಉಳಿದ ವರ್ಷಗಳಲ್ಲಿ ಅಲ್ಪಸ್ವಲ್ಪ ಮಾತ್ರ. ಇದರಲ್ಲಿ ಮರಕ್ಕೆ ಲಾಭವಿದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೊಟ್ಟರೆ ಇಲಿ, ಅಳಿಲುಗಳೇ ಎಲ್ಲವನ್ನೂ ತಿಂದು ಮುಗಿಸುತ್ತವೆ. ಒಮ್ಮೆಲೇ ಸುರಿದಾಗ ತಿಂದು ಮಿಕ್ಕ ಬೀಜ ಮೊಳೆಯುತ್ತದೆ. ಅಂಥ ಸುಗ್ಗಿಯ ಮರುವರ್ಷ ಇಲಿಗಳ ಸಂಖ್ಯೆ ಏರುತ್ತದೆ, ಬರಗಾಲದ ವರ್ಷ ಮತ್ತೆ ಇಳಿಯುತ್ತದೆ.

ನಮ್ಮ ಕಾಡಿನ ನೆಲ್ಲಿ

ದೂರವೇಕೆ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಅಲ್ಲಿನ ಬೆಟ್ಟದ ನೆಲ್ಲಿ ಒಂದು ವರ್ಷ ಧಾರಾಳ, ಇನ್ನೊಂದು ವರ್ಷ ವಿರಳ. ನೆಲ್ಲಿಕಾಯಿ ನಮಗೆ ಉಪ್ಪಿನಕಾಯಿ, ಮುರಬ್ಬ. ಜಿಂಕೆಗೆ ಅದು ಊಟ. ಜಿಂಕೆ ಕಾಯಿಯನ್ನು ನುಂಗಿ, ಆಮೇಲೆ ಮೆಲುಕು ಹಾಕುವಾಗ ಬೀಜವನ್ನು ಬೇರೆಡೆ ಉಗುಳುತ್ತದೆ. ಹೀಗೆ ತಿಂದವನೇ ಬಿತ್ತುವವನೂ ಆಗುತ್ತಾನೆ. ಅಲ್ಲಿ ತಲೆಮಾರುಗಳಿಂದ ನೆಲ್ಲಿ, ಜೇನು ಸಂಗ್ರಹಿಸುತ್ತ ಬಂದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಎಷ್ಟು ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬುದು ಅವರಿಗೆ ಬದುಕಿನ ಪ್ರಶ್ನೆ.

ಬಿದಿರು ಹೂ ಬಿಟ್ಟಾಗ

ಎಲ್ಲಕ್ಕಿಂತ ದೊಡ್ಡ ಏರುಪೇರು ಬಿದಿರಿನದು. ಹೆಬ್ಬಿದಿರು ಹತ್ತಾರು ವರ್ಷ ಬೆಳೆದು, ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಬಿದಿರಕ್ಕಿ ಸುರಿಸಿ ಸತ್ತುಹೋಗುತ್ತದೆ. ಆಗ ಇಲಿ, ಕಾಡುಕೋಳಿ, ಹಂದಿಗಳಿಗೆ ಹಬ್ಬ. ಮಿಜೋರಾಂನಲ್ಲಿ 1959ರಲ್ಲಿ ಬೇರೊಂದು ಜಾತಿಯ ಬಿದಿರು ಹೂ ಬಿಟ್ಟಾಗ ಇಲಿಗಳು ಹೆಚ್ಚಿ, ಹೊಲಗಳಿಗೂ ನುಗ್ಗಿ, ಜನ ಬರಗಾಲ ಅನುಭವಿಸಿದರು. ಆದರೆ ಆನೆಗೆ ಬೇಕಾದದ್ದು ಅಕ್ಕಿಯಲ್ಲ, ಹಸಿರು ಬಿದಿರು. ಮೆಳೆ ಸತ್ತ ಮೇಲೆ ಹೊಸ ಸಸಿ ದೊಡ್ಡದಾಗಲು ಹಲವು ವರ್ಷ ಬೇಕು. ನಂಜನಗೂಡು ತಾಲೂಕಿನ ಹೆಡಿಯಾಲದಂಥ ಬಂಡೀಪುರದ ಅಂಚಿನ ಊರುಗಳಲ್ಲಿ ಆನೆ ಹೊಲಕ್ಕಿಳಿಯಲು ಕಾರಣಗಳು ಹಲವು. ಕಾಡಿನಲ್ಲಿ ಮೇವು ಕಡಿಮೆಯಾಗುವುದೂ ಅವುಗಳಲ್ಲೊಂದು. ರಾತ್ರಿಯೆಲ್ಲ ಕಾವಲಿದ್ದು ಬೆಳೆ ಕಾಯುವ ಮನೆಗಳಿಗೆ ಇದರ ಬಿಸಿ ಗೊತ್ತು.

ನಾವೇನು ಮಾಡಬಹುದು?

ಕೊಂಬೆ ಸಮೇತ ಕಡಿದು ತಂದ ನೆಲ್ಲಿಕಾಯಿಯನ್ನು ಕೊಳ್ಳದಿರೋಣ. ಕಡಿದ ಕೊಂಬೆ ಮುಂದಿನ ವರ್ಷ ಕಾಯಿ ಕೊಡದು. ಫಸಲು ಕಡಿಮೆಯಾದ ವರ್ಷ ಒಂದು ಜಾಡಿ ಕಡಿಮೆ ಹಾಕಿದರೆ ನಮ್ಮ ಊಟಕ್ಕೇನೂ ಕೊರತೆಯಾಗದು. ಹಿತ್ತಿಲ ಮರ ಬರಿದಾಗಿ ನಿಂತಿದ್ದರೆ "ಕೆಲಸಕ್ಕೆ ಬಾರದ ಮರ" ಎಂದು ಕೊಡಲಿ ಎತ್ತುವ ಮೊದಲು ಒಂದು ವರ್ಷ ಕಾಯೋಣ. ತುದಿಯ ನಾಲ್ಕು ಹಣ್ಣನ್ನು ಗಿಳಿ, ಅಳಿಲಿಗೆ ಬಿಡೋಣ. ಮಕ್ಕಳು "ಯಾಕೆ ಬಿಟ್ಟೆ?" ಎಂದು ಕೇಳಿದರೆ, ಅವರಿಗೆ ಈ ಕಥೆ ಹೇಳಲು ಅದೇ ಒಳ್ಳೆಯ ಸಮಯ.