ಧನಗರವಾಡೆಯ ತಲೆ ಎಣಿಕೆ

ಗಡಹಿಂಗ್ಲಜದಿಂದ ಪಡುವಣಕ್ಕೆ ಆಜರಾ, ಚಂದಗಡದ ಕಡೆ ಹೊರಟರೆ ಕಬ್ಬಿನ ಬಯಲು ಮುಗಿದು ಸಹ್ಯಾದ್ರಿಯ ಏರು ಸಿಗುತ್ತದೆ. ಅಲ್ಲಿಯೂ, ಉತ್ತರದ ರಾಧಾನಗರಿ, ಗಗನಬಾವಡಾ, ಶಾಹೂವಾಡಿಯ ಗುಡ್ಡಗಳಲ್ಲಿಯೂ ಕೆಲವೇ ಮನೆಗಳ ಧನಗರವಾಡೆಗಳಿವೆ. ನಮ್ಮ ಖಾನಾಪುರ, ಹಳಿಯಾಳದ ಗೌಳಿಗಳ ಬಳಗವೇ ಇವರು. ಕುರಿ ಕಾಯುವವರೆಂದು ತಿಳಿಯಬೇಡಿ, ಇವರ ಬದುಕು ಎಮ್ಮೆಯದು.

ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರಾ ಅವರು ಈ ಗೌಳಿ ಧನಗರರ ಜೀವನಕ್ರಮವನ್ನು ಅಭ್ಯಾಸ ಮಾಡಿ 1982ರಲ್ಲಿ ಬರೆದರು. ಕಣಿವೆಯಲ್ಲಿ ಕುಣಬಿಗಳ ಬೇಸಾಯ, ಮೇಲೆ ಗೌಳಿಗಳ ಎಮ್ಮೆ. ಬೆಣ್ಣೆ ಕೆಳಗಿಳಿಯುತ್ತಿತ್ತು, ಕಾಳು ಮೇಲೇರುತ್ತಿತ್ತು. ಇಳಿಜಾರಿನಲ್ಲಿ ಕುಮರಿ ಕಡಿದು ಒಂದಿಷ್ಟು ರಾಗಿಯನ್ನೂ ಬೆಳೆಯುತ್ತಿದ್ದರು. ಕಾಡಿಗೆ ಕಾಯ್ದೆ ಬಂತು, ದಾಜೀಪುರ 1958ರಲ್ಲಿ ಅಭಯಾರಣ್ಯವಾಯಿತು, ಮೇವಿನ ನೆಲ ಕುಗ್ಗಿತು. ಈಗ ವಾಡೆಯ ಹುಡುಗರು ಇಚಲಕರಂಜಿಯ ಮಗ್ಗಗಳಿಗೋ ಕೊಲ್ಹಾಪುರದ ಹೋಟೆಲುಗಳಿಗೋ ಹೋಗುತ್ತಾರೆ. ಉಳಿದವರು ವಯಸ್ಸಾದವರು, ಹೆಂಗಸರು, ಮಕ್ಕಳು.

ಇಂಥ ವಾಡೆಯಲ್ಲಿ ಎಷ್ಟು ಜನರಿದ್ದಾರೆ? ಜನಗಣತಿಯ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಗಣತಿ ಲೆಕ್ಕ ಕೊಡುವುದು ಕಂದಾಯ ಗ್ರಾಮಕ್ಕೆ, ವಾಡೆ ಅದರೊಳಗೆ ಕರಗಿಹೋಗುತ್ತದೆ. 2011ರಲ್ಲಿ ಕೊಲ್ಹಾಪುರ ಜಿಲ್ಲೆಯ ಜನಸಂಖ್ಯೆ 38 ಲಕ್ಷ 76 ಸಾವಿರ; ಪರಿಶಿಷ್ಟ ಪಂಗಡದವರು ಶೇಕಡಾ ಒಂದಕ್ಕಿಂತ ಕಡಿಮೆ. ಧನಗರರು ಆ ಲೆಕ್ಕದಲ್ಲಿಯೂ ಇಲ್ಲ. ಮಹಾರಾಷ್ಟ್ರದಲ್ಲಿ ಅವರು ಅಲೆಮಾರಿ ಪಂಗಡದ ಪಟ್ಟಿಯಲ್ಲಿದ್ದಾರೆ. ಇನ್ನೊಂದು ತೊಡಕು: ಆ ಸಲದ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳಲ್ಲೆಲ್ಲ ಮಗ್ಗದ ಊರಿನಲ್ಲೇ ಇದ್ದವನು ಅಲ್ಲಿಯ ಲೆಕ್ಕಕ್ಕೆ ಸೇರುತ್ತಾನೆ.

ಅಂಕಿ ಬರೇ ಕಾಗದದ ಮಾತು ಎನ್ನಬೇಡಿ. ಬಯಲಿನಲ್ಲಿ 5000 ಜನಕ್ಕೆ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ನಿಯಮ. ಅರವತ್ತು ಜನರ ವಾಡೆಗೆ ಅದು ಎಂದಿಗೂ ಬಾರದು. ಮಳೆಗಾಲದಲ್ಲಿ ಹೆರಿಗೆ ನೋವು ಬಂದವಳನ್ನು ಕಂಬಳಿ ಜೋಲಿಯಲ್ಲಿ ಹೊತ್ತು, ಹಳ್ಳ ದಾಟಿಸಿ, ಗಾಡಿದಾರಿಗೆ ಇಳಿಸಬೇಕು. ಆದರೆ ಆಶಾ ಕಾರ್ಯಕರ್ತೆಯ ವಿಷಯ ಬೇರೆ. ಸಾಮಾನ್ಯವಾಗಿ ಸಾವಿರ ಜನಕ್ಕೆ ಒಬ್ಬಳಾದರೂ ಗುಡ್ಡಗಾಡಿನಲ್ಲಿ ವಾಡಿಗೊಬ್ಬಳನ್ನು ನೇಮಿಸಲು ಅವಕಾಶವಿದೆ. ಕೇಳಬೇಕಾದದ್ದು ಇದನ್ನು. ಕೇಳುವಾಗ ಕೈಯಲ್ಲಿ ಮನೆವಾರು ಪಟ್ಟಿ ಇರಲಿ: ಗರ್ಭಿಣಿಯರು ಎಷ್ಟು, ಐದರೊಳಗಿನ ಮಕ್ಕಳು ಎಷ್ಟು, ದುಡಿಯಲು ಹೊರಗೆ ಹೋದವರು ಎಷ್ಟು.

ಭೂಮಿಗೂ ಇದೇ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿದ್ದನ್ನು ತೋರಿಸಬೇಕು. ಕಾಗದವಿಲ್ಲವೆಂದು ಕೈ ಚೆಲ್ಲಬೇಕಾಗಿಲ್ಲ. ಹಳೆಯ ಬಾವಿ, ಸಮಾಧಿ, ದೇವರ ಬನ, ಹಿರಿಯರು ಬರೆಸಿಕೊಟ್ಟ ಹೇಳಿಕೆ ಇವೂ ಸಾಕ್ಷಿಗಳೇ. ಹೇಳಿಕೆ ಕೊಡಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಬೇಗನೆ ಬರೆಸಿಕೊಳ್ಳುವುದು ಲೇಸು.

ಊಟದ ಬಗ್ಗೆ ಒಂದು ಮಾತು. ಹಾಲೆಲ್ಲ ಮಾರಿ, ರಾಗಿ ಬಿಟ್ಟು, ಬರೇ ಅಕ್ಕಿ ಉಣ್ಣುವ ಮನೆಗಳಲ್ಲಿ ಬಾಣಂತಿಗೂ ಮಗುವಿಗೂ ನಷ್ಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದು ಅತ್ಯಲ್ಪ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ. ಅಷ್ಟರೊಳಗೆ ವಾಡೆಯಲ್ಲಿ ಹುಟ್ಟುವ ಪ್ರತಿ ಮಗುವಿನ ಹೆಸರನ್ನು 21 ದಿನದೊಳಗೆ ನೋಂದಾಯಿಸಿರಿ. 2023ರ ಅಕ್ಟೋಬರಿನಿಂದೀಚೆ ಹುಟ್ಟಿದವರಿಗೆ ಶಾಲೆ ಸೇರುವಾಗ ಜನನ ದಿನಾಂಕಕ್ಕೆ ಆ ಪತ್ರವೇ ಆಧಾರ.